ತೊಂಬತ್ತೊಂಬತ್ತು ಕುರಿ ಯಾರು ನೋಡ್ಕೊಂಡರು

ನೋಹನ ನಾವೆಯಲ್ಲಿ ಹಸು ಒಂದೇ ಇದೆ. ಜೊತೆಗೆ ಎತ್ತು ಇತ್ತು, ಅದು ನನ್ನ ಕೈಲಿ ಸಿಟಿ ಬಸ್ಸಿನಲ್ಲಿ ಬಿದ್ದುಹೋಯ್ತು. ಇದನ್ನ ಮೊದಲೇ ಹೇಳಿಬುಡ್ತೀನಿ. ಪೆಟ್ಟಿಗೆ ಈಗ ನಿಮ್ಮ ಕೈಗೆ ಬಂದಿದೆ, ನಾಳೆ ತೆಗೆದು ನೋಡಿ ಮುದುಕಿ ಎತ್ತು ಕದ್ದಳು ಅನ್ನಬಾರದು.

ನಮ್ಮ ಚರ್ಚಿನ ಸಭೆಯಲ್ಲಿ ಕತೆ ಹೇಳೋ ಕೆಲಸಕ್ಕೆ ಹೊಸದಾಗಿ ಇಬ್ಬರು ಹುಡುಗಿಯರು ಸೇರಿದ್ದೀರಿ. ಗ್ರೇಸಮ್ಮಾ, ನಿಮ್ಮ ಅನುಭವ ಬರೆದುಕೊಡಿ ಅಂದಿರಿ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸ್ತೀನಿ, ಒತ್ತಕ್ಷರ ಬಂದರೆ ಅಲ್ಲೇ ನಿಂತು ಉಸಿರು ತಗೊಳ್ತೀನಿ. ಬರೆದದ್ದನ್ನ ಮೊಮ್ಮಗಳು ತಿದ್ದಿದಳು. ಅವಳು ತಿದ್ದಿ ಚೆನ್ನಾಗಿ ಮಾಡಿದ್ದನ್ನೆಲ್ಲ ನಾನು ಮತ್ತೆ ಕೆಡಿಸಿದೀನಿ. ಅವಳು ಬರೆದದ್ದು ನಾನು ಸತ್ತಮೇಲೆ ಓದೋ ಹಾಗಿತ್ತು.

ಕೆಲಸ ಏನು ಅಂದ್ರೆ, ಒಂದು ಹಲಗೆ. ಅದಕ್ಕೆ ಕರಿ ಉಣ್ಣೆ ಬಟ್ಟೆ ಹೊದಿಸಿದೆ. ಕಾಗದದ ಚಿತ್ರಗಳ ಹಿಂದೆಯೂ ಉಣ್ಣೆ ಅಂಟಿಸಿದೆ. ಒತ್ತಿದರೆ ಕಚ್ಚಿಕೊಳ್ಳುತ್ತೆ. ಕತೆ ಹೇಳ್ತಾ ಹೇಳ್ತಾ ಒಬ್ಬೊಬ್ಬರನ್ನೇ ಹಲಗೆಗೆ ಹತ್ತಿಸೋದು, ಕೆಲಸ ಮುಗಿದವರನ್ನ ಕಿತ್ತು ಒಳಗೆ ಹಾಕೋದು. ಯೇಸುಸ್ವಾಮಿ, ಶಿಷ್ಯರು, ದೇವದೂತರು, ಒಂಟೆ, ಎಲ್ಲರೂ ಒಂದೇ ತಗಡಿನ ಪೆಟ್ಟಿಗೆಯಲ್ಲಿ. ಕರೆದ ಮನೆಗೆ ಹೋಗೋದು, ಕರೆಯದ ಮನೆಗೆ ಹೋಗಬಾರದು. ಯಾರನ್ನೂ ಕೈ ಹಿಡಿದು ಎಳೆಯೋ ಕೆಲಸ ನಂದಲ್ಲ. ನಮ್ಮ ಸ್ವಾಮಿ ಎಂಥೋನು ಅಂತ ಕತೆಯಲ್ಲಿ ಹೇಳೋದು, ಕೊಟ್ಟ ಕಾಫಿ ಕುಡಿಯೋದು, ಎದ್ದು ಬರೋದು. ಅಷ್ಟೇ.

ಓದಲು ಬರದವಳಿಗೆ ಈ ಕೆಲಸ ಯಾಕೆ ಕೊಟ್ಟರು ಅಂತ ಕೇಳ್ತೀರಿ. ಬಾಯಿ ಇತ್ತು, ಕೊಟ್ಟರು. ಕಲಿಸಿದ್ದು ಲೀಲಾವತಿ ಟೀಚರ್. ಆಗ ನನಗೆ ಮೇಲಿನವರು ಅವರೇ. ಶನಿವಾರ ಮಧ್ಯಾಹ್ನ ಊಟ ಆದಮೇಲೆ ಅವರ ಮನೆಗೆ ಹೋಗಬೇಕು. ಅವರು ಪುಸ್ತಕ ನೋಡಿ ಒಂದು ಕತೆ ಓದೋರು, ನಾನು ಕೇಳಿ ಅದನ್ನ ವಾಪಸ್ಸು ಒಪ್ಪಿಸೋಳು. ಟೀಚರ್ ಬಂಗಾರದಂಥವರು, ಆದರೆ ಊಟ ಆದಮೇಲೆ ಬಂಗಾರಕ್ಕೂ ನಿದ್ದೆ ಬರುತ್ತೆ. ಒಂದು ಶನಿವಾರ ಯೋನನ ಕತೆ. ದೇವರು ಹೇಳಿದ ಊರಿಗೆ ಹೋಗದೆ ಯೋನ ಹಡಗು ಹತ್ತಿ ಓಡಿಹೋಗ್ತಾನೆ, ಸಮುದ್ರಕ್ಕೆ ಹಾಕ್ತಾರೆ, ದೊಡ್ಡ ಮೀನು ನುಂಗುತ್ತೆ, ಹೊಟ್ಟೆಯೊಳಗೆ ಕೂತು ಪ್ರಾರ್ಥನೆ ಮಾಡ್ತಾನೆ. ಅಲ್ಲಿಗೆ ಟೀಚರ್ ಕತ್ತು ವಾಲಿತು. ಕತೆ ಮುಗೀತು ಅಂದುಕೊಂಡು ನಾನು ಬಾಗಿಲು ಮುಂದೆ ಮಾಡಿ ಬಂದುಬುಟ್ಟೆ.

ಮಂಡಿ ಮೊಹಲ್ಲಾದಲ್ಲಿ ಒಂದು ತೆಂಗಿನಕಾಯಿ ಮಂಡಿಯ ಮೇಲಿನ ರೂಮಲ್ಲಿ ಊದುಬತ್ತಿ ಹೊಸೆಯೋ ಹೆಂಗಸರು ನನ್ನನ್ನ ವಾರಕ್ಕೊಂದು ಸಲ ಕರೀತಿದ್ದರು. ಅವರ ಕೈ ಹೊಸೀತಾ ಇರೋದು, ಕಿವಿ ನನ್ನ ಕಡೆ ಇರೋದು. ಅಲ್ಲಿ ಯೋನನ್ನ ಮೀನಿನೊಳಗೆ ಕೂರಿಸಿ, ಕೈ ಮುಗಿದು, ಕತೆ ಮುಗಿಸಿದೆ. ಆ ಕತೆ ಅವರಿಗೆ ಎಷ್ಟು ಹಿಡಿಸಿತು ಅಂದ್ರೆ ತಿಂಗಳಿಗೊಂದು ಸಲ ಅದನ್ನೇ ಹೇಳಿಸೋರು.

ಗೌರಮ್ಮ ಅನ್ನೋಳು ಒಂದು ದಿನ ಹೊಸೆಯೋದು ನಿಲ್ಲಿಸಿ ಕೇಳಿದಳು, "ಅಲ್ಲಾ ಕಣಮ್ಮ, ಅವ್ನು ಇನ್ನೂ ಒಳ್ಗೇ ಅವ್ನಾ?"

"ಒಳ್ಗೇ ಅವ್ನೆ."

"ಊಟಕ್ಕೆ ಏನ್ ಮಾಡ್ತಾನೆ?"

"ಪ್ರಾರ್ಥನೆ ಮಾಡ್ತಾನೆ."

"ಅದ್ ಸರಿ. ಊಟಕ್ಕೆ?"

ಪಕ್ಕದಲ್ಲಿದ್ದ ನೂರ್ ಬೀಗೆ ತಡೆಯೋಕಾಗಲಿಲ್ಲ. "ಏನಮ್ಮಾ, ನಮ್ ಕಡೆ ಕತೇಲಿ ಅವ್ರು ಆಚೆ ಬಂದು ಎಷ್ಟೋ ಕಾಲ ಆಯ್ತು. ನಿಮ್ಮೋರು ಯಾಕ್ ಇನ್ನೂ ಒಳ್ಗೇ ಇಟ್ಕೊಂಡವ್ರೆ?" ಅಂದಳು.

ಓಡಿಹೋಗಿ ಟೀಚರನ್ನ ಕೇಳಿದರೆ ಅವರು ಹಣೆ ಚಚ್ಚಿಕೊಂಡರು. "ಮೂರೇ ದಿನ ಕಣೇ ಅವನು ಒಳಗಿದ್ದಿದ್ದು! ನೀನೆಷ್ಟು ದಿನ ಇಟ್ಟಿದ್ದೀಯ?"

ಮಳೆಗಾಲ ಪೂರ್ತಿ ಇಟ್ಟಿದ್ದೆ, ದಸರಾನೂ ಕಳೆದಿತ್ತು. ಮಾರನೇ ವಾರ ಹೋಗಿ ಮೀನಿನ ಬಾಯಿಂದ ಯೋನನ್ನ ಎಳೆದು ದಡಕ್ಕೆ ಹಾಕಿದೆ. ಆ ರೂಮಲ್ಲಿ ಚಪ್ಪಾಳೆ ಬಿತ್ತು. ಗೌರಮ್ಮ "ಅಂತೂ ಬಂದ್ನಲ್ಲಪ್ಪ" ಅಂತ ಕಣ್ಣು ಒರೆಸಿಕೊಂಡಳು. ಊದುಬತ್ತಿ ಪುಡಿ ಕಣ್ಣಿಗೆ ಹೋಗಿತ್ತು, ನಾನು ನೋಡಿದೆ. ನಿಮಗೆ ಹೇಳೋದು ಇಷ್ಟು: ಕಲಿಸುವವರು ತೂಕಡಿಸಿದರೆ ಎಬ್ಬಿಸಿ. ಮರ್ಯಾದೆ ಅಂತ ಸುಮ್ಮನಿರಬೇಡಿ.

ಎರಡನೇ ಮಾತು, ಫ್ಯಾನು. ಕುವೆಂಪುನಗರದಲ್ಲಿ ಒಬ್ಬ ಮೇಡಂ ಮನೆಗೆ ಏಪ್ರಿಲ್ ತಿಂಗಳಲ್ಲಿ ಕರೆದರು. ಅಕ್ಕಪಕ್ಕದ ಮನೆಯವರೂ ಬಂದಿದ್ದರು, ಮೊಣಕೈ ತಾಗಿಸಿಕೊಂಡು ಸೋಫಾ ತುಂಬ ಕೂತಿದ್ದರು. ಮೋಶೆ ಕೋಲು ಎತ್ತಿದ್ದಾನೆ, ಎದುರಿಗೆ ಕೆಂಪು ಸಮುದ್ರ, ಹಿಂದೆ ಫರೋಹನ ಸೈನ್ಯ. ನಾನು ದನಿ ಎತ್ತರಿಸಿ "ಆಗ ದೇವರು ದೊಡ್ಡ ಗಾಳಿ ಬೀಸಿದನು" ಅಂದೆ. ಮೇಡಂ ಪಾಪ, ಇವಳಿಗೆ ಸೆಕೆ ಆಗ್ತಿದೆ ಅಂತ ಸರಿಯಾಗಿ ಆವಾಗಲೇ ಫ್ಯಾನ್ ಹಾಕಿಬಿಟ್ಟರು. ಸಮುದ್ರ ಎದ್ದು ಟೀವಿ ಮೇಲೆ ಕೂತಿತು. ಕುದುರೆಗಳು ಕಿಟಕಿಯಿಂದ ಆಚೆ ಹೋದವು. ಫರೋಹ ನೆಟ್ಟಗೆ ಹೋಗಿ ಚಟ್ನಿಯಲ್ಲಿ ಬಿದ್ದ. ಆಮೇಲೆ ಒಬ್ಬರು ಅಜ್ಜಿ, "ಎಷ್ಟು ಚೆನ್ನಾಗಿ ಮಾಡಿ ತೋರಿಸ್ತೀಯಮ್ಮ" ಅಂದರು. ಫರೋಹನ ಮುಖದಲ್ಲಿ ಈಗಲೂ ಕೊತ್ತಂಬರಿ ಬಣ್ಣ ಇದೆ. ತೊಳೆಯಬೇಡಿ, ಹರಿಯುತ್ತೆ.

ಈಗ ಅಡಿಗೆಯವಳ ವಿಚಾರ. ಪೆಟ್ಟಿಗೆಯಲ್ಲಿ ಬಿಂದಿಗೆ ಹೊತ್ತಿರೋ ಹಸಿರು ಸೀರೆಯ ಹೆಂಗಸು ಒಬ್ಬಳಿದ್ದಾಳೆ. ಬೇರೆಯವರೆಲ್ಲ ನಿಲುವಂಗಿ ಹಾಕಿದ್ದಾರೆ, ಇವಳೊಬ್ಬಳು ಸೀರೆ. ಇವಳು ಬಂದದ್ದು ಹೀಗೆ. ಮಂಡಿ ಮೊಹಲ್ಲಾದಲ್ಲಿ ತಪ್ಪಿಹೋದ ಮಗನ ಕತೆ ಹೇಳ್ತಿದ್ದೆ. ಚಿಕ್ಕ ಮಗ ಮನೆ ಬಿಟ್ಟು ಹೋಗಿ ಎಲ್ಲ ಹಾಳುಮಾಡಿಕೊಂಡು, ಹಂದಿ ಮೇಯಿಸಿ, ಸೋತು ವಾಪಸ್ಸು ಬರ್ತಾನೆ. ಅಪ್ಪ ಬೈಯೋದು ಬಿಟ್ಟು ಓಡಿಹೋಗಿ ತಬ್ಬಿಕೊಳ್ತಾನೆ, ಕೊಬ್ಬಿದ ಕರು ಕಡಿಸಿ ಔತಣ ಮಾಡಿಸ್ತಾನೆ. ದೇವರು ಅಂಥ ಅಪ್ಪ ಅಂತ ಹೇಳಿ ನಾನು ಕೈ ಮುಗಿದೆ.

ಗೌರಮ್ಮ ಬಿಡಲಿಲ್ಲ. "ಆ ಮನೇಲಿ ಹೆಂಗಸ್ರೇ ಇಲ್ವಾ?"

"ಪುಸ್ತಕದಲ್ಲಿ ಇಲ್ಲ."

"ಒಂದ್ ಕರು ಅಂದ್ರೆ ಎಷ್ಟ್ ಜನಕ್ಕೆ ಅಡಿಗೆ! ಈರುಳ್ಳಿ ಯಾರ್ ಹೆಚ್ಚಿದ್ರು? ಖಾರ ಯಾರ್ ಅರೆದ್ರು? ಗಂಡಸ್ರೆಲ್ಲ ತಬ್ಕೊಂಡ್ ಅಳ್ತಾ ನಿಂತಿದ್ರೆ ಒಲೆ ಹಚ್ಚಿದ್ದು ಯಾರು?"

ಆಕೆ ಕೇಳಿದ್ದರಲ್ಲಿ ತಪ್ಪೇನಿದೆ? ನಾನು ಮನೆಗೆ ಬಂದು ಹಳೇ ಕ್ಯಾಲೆಂಡರಿನಿಂದ ಒಬ್ಬ ಹೆಂಗಸನ್ನ ಕತ್ತರಿಸಿ, ಬೆನ್ನಿಗೆ ಸ್ವೆಟರ್ ತುಂಡು ಅಂಟಿಸಿದೆ. ಅವತ್ತಿಂದ ಆ ಔತಣಕ್ಕೆ ಅಡಿಗೆ ಅವಳದ್ದೇ. ಹೆಂಗಸರು ಆ ಕತೆ ಕೇಳುವಾಗ ಅವಳು ಯಾವಾಗ ಬರ್ತಾಳೆ ಅಂತ ಕಾಯೋರು.

ಟೀಚರ್ ಇರೋ ತನಕ ಇದು ನಡೀತು. ಟೀಚರ್ ತೀರಿಕೊಂಡ ಮೇಲೆ ಸಭೆಗೆ ಹೊಸ ಪಾದ್ರಿ ಅಯ್ಯನವರು ಬಂದರು. ವಯಸ್ಸು ಚಿಕ್ಕದು, ಓದಿದ್ದು ಬಹಳ, ಬಟ್ಟೆ ಯಾವಾಗಲೂ ಬಿಳಿ, ಇಸ್ತ್ರಿ ಗೆರೆ ನೋಡಿದರೆ ಕೈ ಕೊಯ್ಯುತ್ತೆ. "ನಾನು ಈ ಮಂದೆಯ ಕುರುಬ" ಅಂತ ಭಾನುವಾರ ಭಾನುವಾರ ಹೇಳೋರು. ಒಂದು ದಿನ ಪೆಟ್ಟಿಗೆ ತರಿಸಿ, ಒಂದೊಂದೇ ತೆಗೆದು ಮೇಜಿನ ಮೇಲೆ ಜೋಡಿಸಿದರು. ಫರೋಹನನ್ನ ಮೂಸಿ ನೋಡಿದರು. ಆಮೇಲೆ ಹಸಿರು ಸೀರೆಯವಳನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದು ಯಾರು?"

"ಅಡಿಗೆಯವಳು."

"ಯಾವ ಪುಸ್ತಕ, ಯಾವ ಅಧ್ಯಾಯ?"

"ಲೂಕನದು, ಹದಿನೈದು. ಕರು ಕಡಿದ ಮೇಲೆ, ಊಟಕ್ಕೆ ಕೂರೋ ಮುಂಚೆ."

ಅಯ್ಯನವರು ನಗಲಿಲ್ಲ. ದೇವರ ವಾಕ್ಯಕ್ಕೆ ನಾವು ಒಗ್ಗರಣೆ ಹಾಕಬಾರದು, ಇಲ್ಲದ್ದನ್ನ ಸೇರಿಸಿದರೆ ಜನಕ್ಕೆ ಇರೋದರ ಮೇಲೂ ನಂಬಿಕೆ ಹೋಗುತ್ತೆ ಅಂದರು. ಅದೂ ಸರಿಯೇ, ಇಲ್ಲ ಅನ್ನಲ್ಲ. ಆಮೇಲೆ ಅವಳನ್ನ ಮೇಜಿನ ಡ್ರಾಯರಿಗೆ ಹಾಕಿ ಹೇಳಿದರು, "ಈ ತಿಂಗಳ ಕೊನೇ ಶನಿವಾರ ಹಿನಕಲ್‌ಗೆ ನಾನೇ ಬಂದು ಕೇಳ್ತೀನಿ. ಕಳೆದುಹೋದ ಕುರಿಯ ಕತೆ ಹೇಳಿ. ಪುಸ್ತಕದಲ್ಲಿ ಇಲ್ಲದ ಒಂದು ಮಾತು ಬಂದರೂ ಪೆಟ್ಟಿಗೆ ಒಪ್ಪಿಸಿ ಮನೆಯಲ್ಲಿರಿ."

ಮನೆಯಲ್ಲಿ ಹೇಗಿರೋದು? ಮನೆಯಲ್ಲಿ ನನ್ನ ಸೊಸೆ ಇದ್ದಾಳೆ. ವಾರಕ್ಕೆ ನಾಲ್ಕು ದಿನ ನಾನು ಆಚೆ ಹೋಗ್ತಿದ್ದರಿಂದಲೇ ನಮ್ಮಿಬ್ಬರಿಗೆ ಒಳ್ಳೆ ಹೆಸರಿತ್ತು. ಬೇರೆ ಕೆಲಸ ನನಗೆ ಬರೋದಿಲ್ಲ. ಆ ಹಲಗೆ ಹೋದರೆ ನಾನು ಬರೀ ಒಬ್ಬಳು ಮುದುಕಿ, ಹಲಗೆ ಇದ್ದರೆ ಕತೆ ಅಮ್ಮ.

ಕಷ್ಟ ಏನು ಅಂದ್ರೆ, ಹಿನಕಲ್‌ನಲ್ಲಿ ಕತೆ ಕೇಳ್ತಿದ್ದದ್ದು ಚಿಕ್ಕತಾಯಮ್ಮನ ಜಗಲಿಯಲ್ಲಿ. ಅವಳ ಗಂಡ ಬೀರಣ್ಣ ಹುಟ್ಟಿದಾಗಿಂದ ಕುರಿ ಕಾದವನು. ಸುತ್ತಲೂ ಬಡಾವಣೆ ಎದ್ದು ಊರು ಸಿಟಿಯೊಳಗೆ ಸೇರಿಹೋದರೂ ಹನ್ನೊಂದು ಕುರಿ ಇಟ್ಟುಕೊಂಡು, ಖಾಲಿ ಸೈಟುಗಳಲ್ಲಿ ಮೇಯಿಸಿಕೊಂಡಿದ್ದ. ಬೇರೆ ಕತೆ ಹೇಳುವಾಗ ಬಾಗಿಲ ಹಿಂದೆ ಬೀಡಿ ಸೇದ್ತಾ ಇರೋನು. ಕುರಿ ಅಂತ ಬಂದರೆ ಎದ್ದು ಮುಂದೆ ಬರೋನು. ಕುರುಬನಿಗೆ ನೂರು ಕುರಿ, ಒಂದು ಕಳೆದುಹೋಯ್ತು, ಉಳಿದ ತೊಂಬತ್ತೊಂಬತ್ತನ್ನ ಅಡವಿಯಲ್ಲಿ ಬಿಟ್ಟು ಅದೊಂದನ್ನ ಹುಡುಕಿಕೊಂಡು ಹೋದ ಅಂತ ನಾನು ಮೊದಲನೇ ಸಲ ಹೇಳಿದಾಗ ಅವನು ಬೀಡಿ ಎಸೆದುಬಿಟ್ಟ.

"ಯಾವನಮ್ಮ ಅವ್ನು? ದಡ್ ನನ್ಮಗ! ತೊಂಬತ್ತೊಂಬತ್ತು ಕುರಿ ಅಡವೀಲ್ ಬುಟ್ಬುಟ್ಟು ಹೋಗ್ತಾರಾ? ತೋಳ ಬಂದ್ರೆ? ನಾಯಿ ಬಂದ್ರೆ? ಯಾರ್ ನೋಡ್ಕೊಂಡ್ರು ಅವುಗಳ್ನ?"

"ಪುಸ್ತಕದಲ್ಲಿ ಇಲ್ಲ ಬೀರಣ್ಣ."

"ಪುಸ್ತಕ ಬರೆದೋನು ಕುರಿ ಕಾದಿಲ್ಲ ಬುಡು."

ಪ್ರತಿ ಸಲ ಇದೇ. ಸುಮ್ಮನಿದ್ದರೆ ಜನ ಅವನ ಕಡೆ ಆಗೋರು, ಏನಾದರೂ ಹೇಳಿದರೆ ಅದು ಒಗ್ಗರಣೆ. ಅದಕ್ಕೇ ಆ ಶನಿವಾರಕ್ಕೆ ಎರಡು ದಿನ ಮುಂಚೆ ಹೋಗಿ ಬೀರಣ್ಣನ ಮುಂದೆ ಕೂತೆ.

"ಅಣ್ಣಾ, ಶನಿವಾರ ಒಂದಿನ ಬಾಯ್ ಮುಚ್ಕೊಂಡಿರು. ನನ್ನ ಕೆಲಸದ ಪ್ರಶ್ನೆ."

"ಅಂದ್ರೆ ಆ ದಡ್ಡನ್ನ ದಡ್ಡ ಅನ್ಬಾರ್ದಾ?"

"ಒಂದಿನ ಅನ್ಬೇಡ."

ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಆಯ್ತು. ಆದ್ರೆ ಮುಖ ಹೆಂಗಾದ್ರೂ ಇರ್ಲಿ, ಅದ್ನ ಕೇಳ್ಬೇಡ" ಅಂದ.

ಶನಿವಾರ ಮೂರು ಗಂಟೆಗೆ ಹೋದೆ. ಜಗಲಿ ಮೇಲೆ ಹಲಗೆ ನಿಲ್ಲಿಸಿ, ಕುರುಬನನ್ನ ಹತ್ತಿಸಿ, ಸುತ್ತ ಕುರಿಗಳನ್ನ ಒತ್ತುತ್ತಾ ಇದ್ದೆ. ಬೀರಣ್ಣ ಓಡಿಬಂದ.

"ಮೊಂಡಿಕಿವಿ ಇಲ್ಲ!"

ಮೊಂಡಿಕಿವಿ ಅಂದ್ರೆ ಅವನ ಒಂದು ಕುರಿ, ಒಂದು ಕಿವಿ ನಾಯಿ ಕಚ್ಚಿ ಹೋಗಿತ್ತು. ಹನ್ನೊಂದರಲ್ಲಿ ಹಾಲೂ ಕಮ್ಮಿ, ಉಣ್ಣೆಯೂ ಕಮ್ಮಿ, ಬುದ್ಧಿಯಂತೂ ಇರಲೇ ಇಲ್ಲ. ಚಿಕ್ಕತಾಯಮ್ಮ ಒಂದು ಕಡೆ ಓಡಿದಳು, ಕತೆ ಕೇಳಲು ಬಂದಿದ್ದ ಹೆಂಗಸರು ಇನ್ನೊಂದು ಕಡೆ ಓಡಿದರು. ಬೀರಣ್ಣ ಉಳಿದ ಹತ್ತನ್ನ ರಸ್ತೆ ಮಧ್ಯೆ ನನ್ನ ಮುಂದೆ ನಿಲ್ಲಿಸಿ ಕೋಲು ನನ್ನ ಕೈಗೆ ತುರುಕಿದ.

"ನೋಡ್ಕೊ."

"ಅಣ್ಣಾ, ಇವತ್ತು ಅಯ್ಯನೋರು ಬರ್ತಾವ್ರೆ!"

"ಬರ್ಲಿ, ಅವ್ರ್ನೂ ನಿಲ್ಲಿಸ್ಕೊ" ಅಂದವನೇ ಹೋದ.

ಕುರಿ ಬಗ್ಗೆ ನಾನು ಅಷ್ಟು ವರ್ಷ ಕತೆ ಹೇಳಿದೀನಿ. ಒಂದನ್ನೂ ಮುಟ್ಟಿರಲಿಲ್ಲ. ಹಲಗೆಯ ಮೇಲೆ ಅವು ಒತ್ತಿದ ಕಡೆ ನಿಲ್ತವೆ. ರಸ್ತೆಯಲ್ಲಿ ನಿಲ್ಲಲ್ಲ. ನಾಲ್ಕು ಎದುರು ಮನೆಯ ಗೇಟಿನೊಳಗೆ ನುಗ್ಗಿ ಕ್ರೋಟನ್ ಗಿಡ ಮೇಯೋಕೆ ಶುರುಮಾಡಿದವು. ಅವನ್ನ ಎಳೆಯೋಕೆ ಹೋದರೆ ಹಿಂದೆ ಮೂರು ಜಗಲಿ ಹತ್ತಿದವು. ತಿರುಗಿ ನೋಡ್ತೀನಿ, ಒಂದು ಮರಿ ಹಲಗೆಗೆ ಬಾಯಿ ಹಾಕಿ ಒಳ್ಳೇ ಕುರುಬನ ಎಡಗೈ ತೋಳಿನ ತನಕ ತಿಂದುಬಿಟ್ಟಿದೆ. ನಿಧಾನವಾಗಿ ಅಗೀತಾ ನನ್ನ ಮುಖ ನೋಡ್ತಿದೆ.

ಎದುರು ಮನೆಯಾಕೆ ಆಚೆ ಬಂದರು. "ಯಾರ್ರೀ ಇದು! ಯಾರ್ದು ಈ ಕುರಿ?"

ಬೀರಣ್ಣನದು ಅಂದರೆ ಅವನಿಗೆ ಜಗಳ ತಂದಹಾಗೆ. "ನಂದೇ ಕಣಮ್ಮ" ಅಂದೆ. ದೇವರು ಕ್ಷಮಿಸಲಿ.

ಅದೇ ಹೊತ್ತಿಗೆ ಸ್ಕೂಟರ್ ಸದ್ದು. ಅಯ್ಯನವರು. ಬಿಳಿ ಶರಟು, ಬಿಳಿ ಪ್ಯಾಂಟು, ಕಂಕುಳಲ್ಲಿ ಪುಸ್ತಕ. ರಸ್ತೆ ತುಂಬ ಕುರಿ, ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಲು ಹಿಡಿದ ನಾನು. "ಗ್ರೇಸಮ್ಮ! ಕತೆ ಎಲ್ಲಿ?" ಅಂದರು.

"ಕತೆ ಆಮೇಲೆ. ಮೊದ್ಲು ಆ ಟಗರು ಹಿಡೀರಿ, ರಿಂಗ್ ರೋಡ್ ಕಡೆ ಹೋಗ್ತಾ ಅದೆ!"

ಯೋಚನೆ ಮಾಡೋಕೆ ಹೊತ್ತಿರಲಿಲ್ಲ, ಹಿಡಿದರು. ಕೊಂಬು ಹಿಡಿಯಬೇಕಿತ್ತು, ಬಾಲ ಹಿಡಿದರು. ಟಗರು ಅವರನ್ನ ಎಳೆದುಕೊಂಡು ಸೀದಾ ಕ್ರೋಟನ್ ಗಿಡದೊಳಗೆ ಹೋಯಿತು. ಎದುರು ಮನೆಯಾಕೆ ಇನ್ನೂ ಜೋರಾಗಿ ಕೂಗಿದರು, "ಇವ್ರು ಯಾರ್ರೀ?"

"ನಮ್ ಸಭೆ ಅಯ್ಯನೋರು. ಕುರಿ ಕಾಯ್ತಾವ್ರೆ" ಅಂದೆ. ಅದು ಸುಳ್ಳಲ್ಲ.

ಒಂದು ಗಂಟೆ ಕಾದೆವು. ಆ ಗಂಟೆಯಲ್ಲಿ ಅಯ್ಯನವರು ಕಲಿತದ್ದು ಕಾಲೇಜಿನಲ್ಲಿ ಕಲಿತಿರಲಾರರು. ಪುಸ್ತಕವನ್ನ ಸ್ಕೂಟರ್ ಡಿಕ್ಕಿಯೊಳಗೆ ಇಟ್ಟರು, ಮರಿ ಅದನ್ನೂ ನೋಡ್ತಿತ್ತು. ಶೂ ಬಿಚ್ಚಿದರು. ಟಗರಿಗೆ ಮೊದಲು ಬುದ್ಧಿ ಹೇಳಿದರು, ಆಮೇಲೆ ಬೇಡಿಕೊಂಡರು, ಕೊನೆಗೆ ಅಡ್ಡ ಕೂತರು. "ಅಯ್ಯನೋರೇ, ಎಷ್ಟವೆ ಎಣ್ಸಿ" ಅಂದರೆ ಒಂದು ಸಲ ಒಂಬತ್ತು ಅನ್ನೋರು, ಒಂದು ಸಲ ಹನ್ನೆರಡು.

ಆಮೇಲೆ ರಸ್ತೆ ತುದಿಯಲ್ಲಿ ಬೀರಣ್ಣ ಕಾಣಿಸಿದ. ಹೆಗಲ ಮೇಲೆ ಮೊಂಡಿಕಿವಿ. ನಮ್ಮ ಚಿತ್ರದಲ್ಲಿ ಇರೋ ಹಾಗೆಯೇ, ಆದರೆ ಚಿತ್ರದ ಕುರಿ ಕುರುಬನ ಬೆನ್ನ ಮೇಲೆ ಹಿಕ್ಕೆ ಹಾಕೋದಿಲ್ಲ. ಕಟ್ಟುತ್ತಾ ಇರೋ ಮನೆಯೊಂದರ ಖಾಲಿ ಸಂಪಿನೊಳಗೆ ಬಿದ್ದಿತ್ತಂತೆ. ಇವನೂ ಒಳಗೆ ಇಳಿದು, ಹತ್ತಲಾಗದೆ, ಗಾರೆಯವರು ಹಗ್ಗ ಹಾಕಿ ಮೊದಲು ಕುರಿ, ಆಮೇಲೆ ಇವನನ್ನ ಎಳೆದರಂತೆ. ಮೊಣಕೈ ಸುಲಿದಿತ್ತು. ನಗು ಮಾತ್ರ ಕಿವಿಯಿಂದ ಕಿವಿಗೆ. "ಏ ಚಿಕ್ಕತಾಯಿ, ಎಲ್ಲಾರ್ಗೂ ಕಾಫಿ ಮಾಡೇ! ಸಿಕ್ತು!" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ. ಎದುರು ಮನೆಯಾಕೆಗೂ ಕಾಫಿ ಹೋಯಿತು.

ನನಗೆ ಕೋಪ ಬಂದಿತ್ತು. "ಅಲ್ಲಯ್ಯ, ಅಷ್ಟ್ ಬೈತಿದ್ದೆ. ನೀನೇ ಹತ್ತ್ ಕುರಿ ಬೀದೀಲ್ ಬುಟ್ಟು ಹೋದ್ಯಲ್ಲ, ಹಾಲೂ ಇಲ್ದಿರೋ ಒಂದ್ ಮೊಂಡಿಗೋಸ್ಕರ!"

ಬೀರಣ್ಣ ಕುರಿಯ ಕಾಲು ಒರೆಸ್ತಾ ತಲೆ ಎತ್ತದೆ ಹೇಳಿದ, "ಇವೆಲ್ಲ ಇಲ್ಲೇ ಅವಲ್ಲಮ್ಮ. ಅದ್ ಇರ್ಲಿಲ್ಲ."

ನಾನು ಅಷ್ಟು ವರ್ಷ ಹಲಗೆ ಹೊತ್ತು ತಿರುಗಿ ಆ ಕತೆಯ ಅರ್ಥವನ್ನ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ನಿಮಗೆ ಯಾರಾದರೂ ನಿಮ್ಮ ದೇವರು ಹೇಗೆ ಅಂತ ಕೇಳಿದರೆ ಇದನ್ನೇ ಹೇಳಿ, ಬೇರೆ ಹುಡುಕಬೇಡಿ.

ಕಾಫಿ ಆಯಿತು. ಅಯ್ಯನವರು ಜಗಲಿ ಮೇಲೆ ಕೂತು, ಪುಸ್ತಕ ತಂದು ತೊಡೆ ಮೇಲೆ ತೆರೆದು, "ಸರಿ, ಈಗ ಹೇಳಿ" ಅಂದರು. ಮರೆತಿರ್ತಾರೆ ಅಂದುಕೊಂಡಿದ್ದೆ, ಮರೆತಿರಲಿಲ್ಲ. ಕೈ ಇಲ್ಲದ ಕುರುಬನನ್ನ ಹಲಗೆಗೆ ಒತ್ತಿದೆ. ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ, ಟೀಚರ್ ಓದಿದ ಹಾಗೆಯೇ ಹೇಳಿದೆ. ನೂರು ಕುರಿ ಇದ್ದವು. ಒಂದು ಕಳೆದುಹೋಯಿತು. ತೊಂಬತ್ತೊಂಬತ್ತನ್ನ ಅಡವಿಯಲ್ಲಿ ಬಿಟ್ಟು ಹೋದನು.

ಎಲ್ಲರೂ ಬೀರಣ್ಣನ ಕಡೆ ನೋಡಿದರು. ಬೀರಣ್ಣ ಮಾತು ಕೊಟ್ಟಿದ್ದ. ತುಟಿ ಕಚ್ಚಿಕೊಂಡು, ಮುಖ ಕೆಂಪು ಮಾಡಿಕೊಂಡು, ಕತ್ತಿನ ನರ ಉಬ್ಬಿಸಿಕೊಂಡು ಕೂತಿದ್ದ. ಪಾಪ, ಒಂದು ಸೊಲ್ಲೂ ಆಡಲಿಲ್ಲ.

ಅಯ್ಯನವರು ತಲೆಯಿಂದ ಒಂದು ಕ್ರೋಟನ್ ಎಲೆ ತೆಗೆದರು. ಹಸಿರಾಗಿದ್ದ ಮೊಣಕಾಲು ನೋಡಿಕೊಂಡರು. ಆಮೇಲೆ, ಯಾರನ್ನ ಕೇಳ್ತಿದ್ದೀನಿ ಅಂತ ಅವರಿಗೇ ಗೊತ್ತಿಲ್ಲದ ಹಾಗೆ ಕೇಳಿದರು, "ಅಲ್ಲಾ, ಅಷ್ಟು ಹೊತ್ತು ಆ ತೊಂಬತ್ತೊಂಬತ್ತನ್ನ ಯಾರು ನೋಡ್ಕೊಂಡರು?"

ಚಿಕ್ಕತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಪುಸ್ತಕದಲ್ಲಿ ಇಲ್ಲ, ಅಯ್ಯನೋರೇ" ಅಂದೆ.

ಬೀರಣ್ಣ ಎದ್ದು ಮನೆ ಹಿಂದಕ್ಕೆ ಓಡಿದ. ಅಲ್ಲಿಂದ ಅವನು ನಕ್ಕ ಸದ್ದು ಬಹಳ ಹೊತ್ತು ಬಂತು.

ಪೆಟ್ಟಿಗೆ ನನ್ನ ಹತ್ತಿರವೇ ಉಳಿಯಿತು. ಅಯ್ಯನವರು ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಹಸಿರು ಸೀರೆಯವಳನ್ನ ಅವರು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರಲ್ಲ, ಮುಂದಿನ ವಾರ ನೋಡಿದರೆ ಅವಳು ತಾನಾಗಿಯೇ ಪೆಟ್ಟಿಗೆಯೊಳಗೆ ಬಂದು ಮಲಗಿದ್ದಳು. ಮೊಣಕಾಲು ಕೈಕೊಡುವ ತನಕ ನಾನು ಕೆಲಸ ಮಾಡಿದೆ. ಈಗ ಮನೆಯಲ್ಲಿದ್ದೀನಿ, ಸೊಸೆಯೂ ಇದ್ದಾಳೆ, ಅದು ಬೇರೆ ಕತೆ, ಅದಕ್ಕೆ ಚಿತ್ರ ಬೇಡ.

ನೀವು ಟೀವಿಯಲ್ಲಿ ತೋರಿಸ್ತೀರೋ, ಮೊಬೈಲಲ್ಲಿ ತೋರಿಸ್ತೀರೋ ನಿಮಗೆ ಬಿಟ್ಟದ್ದು. ಹಲಗೆಯನ್ನೇ ತಗೊಂಡು ಹೋದರೆ, ಕುರುಬನಿಗೆ ಹೊಸ ಕೈ ಅಂಟಿಸಬೇಡಿ. ಕೈ ಎಲ್ಲಿ ಅಂತ ಜನ ಕೇಳ್ತಾರೆ, ಕುರಿ ತಿಂತು ಅನ್ನಿ. ಉಳಿದ ಕುರಿಗಳನ್ನ ಯಾರು ನೋಡ್ಕೊಂಡರು ಅಂತಲೂ ಕೇಳೇ ಕೇಳ್ತಾರೆ. ಆಗ ನೀವು ಏನೂ ಸೇರಿಸಬೇಡಿ. ನಮ್ಮ ಅಯ್ಯನವರನ್ನ ಕೇಳಿ, ಅವರಿಗೆ ಗೊತ್ತು ಅನ್ನಿ.